ಅಕ್ಕಿಗೆ ರಹದಾರಿ ಉಂಟು, ಅವ್ವನಿಗೆ ಇಲ್ಲ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದ ಗುಮಾಸ್ತರೊಬ್ಬರು ಹೋದ ತಿಂಗಳು ಒಂದು ಬೆಳಗ್ಗೆ ತಮ್ಮ ಮನೆಯವರನ್ನು ಕರೆದುಕೊಂಡು ನಮ್ಮ ಪಕ್ಷದ ಕಛೇರಿಗೆ ಬಂದರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದ ಮುಖಗಳು. ಗುಮಾಸ್ತರ ಕಂಕುಳಲ್ಲಿ ದಪ್ಪನೆಯ ಒಂದು ಕಡತ, ಕೈಯಲ್ಲಿ ಒಂದೇ ಹಾಳೆಯ ಇಂಗ್ಲಿಷ್ ಕಾಗದ. ನಾವು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಊರಿನವರು ಇಂದಿಗೂ ಇಂಗ್ಲಿಷ್ ಕಾಗದ ಬಂದರೆ ನಮ್ಮಲ್ಲಿಗೇ ತರುತ್ತಾರೆ.

"ಮಾಸ್ತರ್ರ, ಇದರಾಗ ಏನು ಬರದಾರ, ಓದಿ ಹೇಳ್ರಿ" ಎಂದರು.

ಅವರ ಮಗಳು ಬ್ಯಾಂಕಿನ ಸಾಲದಲ್ಲಿ ನರ್ಸಿಂಗ್ ಓದಿ ಹೊರದೇಶದ ಆಸ್ಪತ್ರೆಯಲ್ಲಿ ದುಡಿಯುತ್ತಾಳೆ. ಚೊಚ್ಚಲ ಬಸಿರು. ತವರಿಗೆ ಬಂದು ಹೆರುವಷ್ಟು ರಜೆ ಇಲ್ಲ. ಮಗಳು ಬರಲಾಗದಿದ್ದರೆ ತಾಯಿಯೇ ಹೋಗಿ ಬಾಣಂತನ ಮಾಡಬೇಕು. ಇದು ನಮ್ಮ ಸೀಮೆಯಲ್ಲಿ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಮನೆಯಲ್ಲಿ ಅಂಟು, ಉತ್ತತ್ತಿ, ಒಣಕೊಬ್ಬರಿ ತಂದಿಟ್ಟಾಗಿತ್ತು. ಕುಲಾವಿ ಹೊಲಿದಾಗಿತ್ತು. ಆರು ತಿಂಗಳ ಭೇಟಿಗೆಂದು ಅರ್ಜಿ ಹಾಕಿ, ಶುಲ್ಕ ಕಟ್ಟಿ, ದೂರದ ನಗರಕ್ಕೆ ಹೋಗಿ ಸರದಿಯಲ್ಲಿ ನಿಂತರು. ಕಿಂಡಿಯ ಹಿಂದಿದ್ದ ಅಧಿಕಾರಿ ಮೂರು ಪ್ರಶ್ನೆ ಕೇಳಿದರು. ಮಗಳು ಏನು ಮಾಡುತ್ತಾಳೆ? ನಿಮಗೆ ಹೊಲ ಎಷ್ಟಿದೆ? ಹಿಂದೆ ಯಾವ ದೇಶಕ್ಕೆ ಹೋಗಿದ್ದೀರಿ? ಮೂರು ನಿಮಿಷದಲ್ಲಿ ಮುಗಿಯಿತು. ಪಹಣಿ, ಪಾಸ್‌ಬುಕ್ಕು, ಗಿರಣಿ ಮಾಲೀಕರ ಪತ್ರ, ಇವೆಲ್ಲ ತುಂಬಿದ ಕಡತದ ದಾರವನ್ನು ಕೂಡ ಬಿಚ್ಚಲಿಲ್ಲ. ಪಾಸ್‌ಪೋರ್ಟಿನ ಜೊತೆ ಈ ಹಾಳೆ ಕೈಗೆ ಬಂತು.

ನಾವು ಎರಡು ಸಲ ಓದಿದೆವು. ಅರ್ಜಿದಾರರು ತಮ್ಮ ದೇಶಕ್ಕೆ ಹಿಂದಿರುಗುವರೆಂದು ಅಧಿಕಾರಿಗೆ ಮನವರಿಕೆ ಆಗಲಿಲ್ಲ ಎಂಬುದಷ್ಟೇ ಅದರ ಸಾರ. ಏಕೆ ಆಗಲಿಲ್ಲ ಎಂಬುದಿಲ್ಲ. ಹೆಸರೂ ಇಲ್ಲ, ಮೇಲ್ಮನವಿಯ ದಾರಿಯೂ ಇಲ್ಲ. ಅದು ಎಲ್ಲರಿಗೂ ಕೊಡುವ ಅಚ್ಚು ಹಾಕಿದ ಕಾಗದ.

ಆಗ ಆ ತಾಯಿ ಒಂದು ಮಾತು ಕೇಳಿದರು: "ನಾ ವಾಪಸ್ ಬರಂಗಿಲ್ಲ ಅಂತ ಅವರಿಗೆ ಹೇಳಿದವರು ಯಾರ್ರಿ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಈ ಲೇಖನ ಬರೆಯುತ್ತಿದ್ದೇವೆ. ಅವರು ಹೋದದ್ದು ಯಾವ ದೇಶದ ಕಛೇರಿಗೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ತಪ್ಪು ಒಂದು ಕಿಂಡಿಯದಲ್ಲ, ಒಬ್ಬ ಅಧಿಕಾರಿಯದೂ ಅಲ್ಲ. ಹಲವು ಶ್ರೀಮಂತ ದೇಶಗಳು ಸೇರಿ ಕಟ್ಟಿದ ಒಂದು ಪದ್ಧತಿ ಅದು. ಅದರ ಗುಟ್ಟು ತಿಳಿಯಲು ಎಲ್ಲಕ್ಕಿಂತ ದೊಡ್ಡ ದೇಶವಾದ ಅಮೆರಿಕದ ಕಾನೂನನ್ನೇ ಮೊದಲು ತೆಗೆದುಕೊಳ್ಳೋಣ.

ಮಗ ಬೇಕು, ತಾಯಿ ಬೇಡ

ಅಮೆರಿಕದ ವಲಸೆ ಕಾಯಿದೆ ೧೯೫೨ರದು. ಅದರ ೨೧೪ನೆಯ ಕಲಮಿನ 'ಬಿ' ಉಪಕಲಮು ಹೇಳುವುದು ಇಷ್ಟು: ಬಾಗಿಲಿಗೆ ಬಂದ ಪ್ರತಿಯೊಬ್ಬ ಪರದೇಶಿಯನ್ನೂ ಅಲ್ಲೇ ನೆಲೆಸಲು ಬಂದವನೆಂದು ಭಾವಿಸತಕ್ಕದ್ದು, ಅಲ್ಲವೆಂದು ಅಧಿಕಾರಿಗೆ ತೃಪ್ತಿಯಾಗುವಂತೆ ತೋರಿಸುವ ಹೊಣೆ ಬಂದವನದೇ. ನಮ್ಮ ನ್ಯಾಯಾಲಯಗಳಲ್ಲಿ ಕೊಲೆಯ ಆರೋಪಿಯನ್ನೂ ಸಾಕ್ಷ್ಯ ಬರುವ ತನಕ ನಿರಪರಾಧಿ ಎಂದೇ ಎಣಿಸುತ್ತಾರೆ. ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿಗೆ ಆ ಮರ್ಯಾದೆಯೂ ಇಲ್ಲ. ಗುಮಾಸ್ತರ ಮನೆಯವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವರು ವಾಪಸ್ ಬರುವುದಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ಕಾನೂನೇ ಮೊದಲು ಹಾಗೆ ಹೇಳಿಬಿಡುತ್ತದೆ.

ಈ ಕಾಯಿದೆಯನ್ನು ಕಮ್ಯುನಿಸ್ಟರಷ್ಟೇ ವಿರೋಧಿಸಿದರೆಂದು ಯಾರೂ ತಿಳಿಯಬಾರದು. ಅಂದಿನ ಅಧ್ಯಕ್ಷ ಟ್ರೂಮನ್ ಅವರೇ ೧೯೫೨ರ ಜೂನ್ ೨೫ರಂದು ಇದಕ್ಕೆ ಸಹಿ ಹಾಕದೆ ಹಿಂದಿರುಗಿಸಿದರು. ಎರಡೇ ದಿನದಲ್ಲಿ ಅಲ್ಲಿನ ಎರಡೂ ಸಭೆಗಳು ಅಧ್ಯಕ್ಷರನ್ನು ಬದಿಗೊತ್ತಿ ಅದನ್ನು ಕಾಯಿದೆ ಮಾಡಿದವು.

ಇನ್ನು ಮುಂದಿನ ಸಂಗತಿಯನ್ನು ಓದುಗರು ಗಮನವಿಟ್ಟು ಓದಬೇಕು. ೧೯೯೦ರಲ್ಲಿ ಅದೇ ಕಲಮಿಗೆ ತಿದ್ದುಪಡಿ ಬಂತು. ಕಂಪನಿಗಳು ಕರೆಸಿಕೊಳ್ಳುವ ಎಚ್-೧ಬಿ ನೌಕರರನ್ನೂ, ಒಂದೇ ಕಂಪನಿಯ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗುವ 'ಎಲ್' ವರ್ಗದವರನ್ನೂ ಈ ಅನುಮಾನದಿಂದ ಹೊರಗಿಟ್ಟರು. ಅಂದರೆ ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಹೋಗುವ ಮಗ "ನಾನು ಅಲ್ಲೇ ನೆಲೆಸುವ ಆಸೆಯವನಲ್ಲ" ಎಂದು ರುಜುವಾತು ಮಾಡಬೇಕಾಗಿಲ್ಲ. ಅವನನ್ನು ಹೆತ್ತವಳು ಮಾಡಬೇಕು. ವರ್ಷಗಟ್ಟಲೆ ಇರುವವನ ಮೇಲೆ ಅನುಮಾನವಿಲ್ಲ, ಆರು ತಿಂಗಳಿಗೆ ಹೋಗುವವಳ ಮೇಲೆ ಅನುಮಾನ! ಏಕೆ? ಮಗನಿಂದ ಕಂಪನಿಗೆ ಲಾಭವಿದೆ. ತಾಯಿಯಿಂದ ಯಾರಿಗೂ ಲಾಭವಿಲ್ಲ. ಅವರಿಗೆ ಕೈ ಬೇಕು, ಕರುಳು ಬೇಡ. ಬಂಡವಾಳಶಾಹಿಯ ನೀತಿಯನ್ನು ಇದಕ್ಕಿಂತ ಚೊಕ್ಕಟವಾಗಿ ಯಾವ ಪಠ್ಯಪುಸ್ತಕವೂ ಹೇಳಿಕೊಡಲಾರದು.

ಭತ್ತದ ಲೆಕ್ಕ

ನಮ್ಮದು ಭತ್ತದ ಊರು. ಹಾಗಾದ್ದರಿಂದ ಭತ್ತದಲ್ಲೇ ಲೆಕ್ಕ ಹಾಕೋಣ. ೨೦೨೩ರ ಜೂನ್ ತಿಂಗಳಿಂದ ಅಮೆರಿಕದ ಭೇಟಿ ವೀಸಾದ ಅರ್ಜಿ ಶುಲ್ಕ ತಲೆಗೆ ೧೮೫ ಡಾಲರ್. ನಮ್ಮ ರೊಕ್ಕದಲ್ಲಿ ೧೫,೦೦೦ ರೂಪಾಯಿಗೂ ಹೆಚ್ಚು. ಕೇಂದ್ರ ಸರಕಾರ ೨೦೨೫-೨೬ರ ಮುಂಗಾರಿಗೆ ಸಾಧಾರಣ ಭತ್ತಕ್ಕೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ ೨,೩೬೯ ರೂಪಾಯಿ. ಒಬ್ಬರ ಶುಲ್ಕಕ್ಕೆ ಆರು ಕ್ವಿಂಟಲಿಗೂ ಮೀರಿದ ಭತ್ತ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಹನ್ನೆರಡು ಕ್ವಿಂಟಲಿಗೂ ಮೇಲೆ. ಬಸ್ಸು, ವಸತಿ, ಊಟ, ಕೆಲಸ ಬಿಟ್ಟ ದಿನಗಳ ಕೂಲಿ ಬೇರೆ.

ವೀಸಾ ಕೊಟ್ಟರೂ ಕೊಡದಿದ್ದರೂ ಈ ದುಡ್ಡು ಹಿಂದಿರುಗುವುದಿಲ್ಲ. ಮತ್ತೆ ಅರ್ಜಿ ಹಾಕಬಹುದು, ಮತ್ತೆ ಶುಲ್ಕ ಕಟ್ಟಬೇಕು. ಗಂಗಾವತಿಯ ಬಜಾರಿನಲ್ಲಿ ಅಂಗಡಿ ಇಟ್ಟ ಬಂಧುಗಳನ್ನು ನಾವು ಕೇಳುತ್ತೇವೆ: ಗಿರಾಕಿಯಿಂದ ದುಡ್ಡು ತೆಗೆದುಕೊಂಡು, ಸರಕು ಕೊಡದೆ, ಏಕೆ ಕೊಡಲಿಲ್ಲವೆಂದೂ ಹೇಳದೆ, "ನಾಳೆ ಮತ್ತೆ ದುಡ್ಡು ತಾ, ನೋಡೋಣ" ಎಂದು ಕಳಿಸಿದರೆ ನಿಮ್ಮ ಅಂಗಡಿ ಎಷ್ಟು ದಿನ ನಡೆದೀತು? ಅಂಗಡಿಯಲ್ಲಿ ಮಾಡಿದರೆ ಮೋಸ ಎನ್ನುತ್ತೇವೆ, ರಾಯಭಾರ ಕಛೇರಿಯಲ್ಲಿ ಮಾಡಿದರೆ ನಿಯಮ ಎನ್ನುತ್ತಾರೆ.

ಇನ್ನು ಅಧಿಕಾರಿ ಏನು ನೋಡುತ್ತಾರೆ? ಅರ್ಜಿದಾರನಿಗೆ ತನ್ನ ದೇಶದಲ್ಲಿ ಬಲವಾದ ನಂಟು ಇದೆಯೇ ಎಂದು. ಮಾತು ಕೇಳಲು ಚೆನ್ನಾಗಿದೆ. ನಂಟು ಎಂದರೆ ಏನೆಂದು ವಿಚಾರಿಸಿದರೆ ಬಣ್ಣ ಬಯಲಾಗುತ್ತದೆ. ಬ್ಯಾಂಕಿನಲ್ಲಿ ದುಡ್ಡು, ಹೆಸರಿನಲ್ಲಿ ಆಸ್ತಿ, ಆದಾಯ ತೆರಿಗೆಯ ಕಾಗದ, ಹಿಂದೆ ತಿರುಗಾಡಿದ ದೇಶಗಳ ಮೊಹರು. ಗೇಣಿ ಹೊಲ ಮಾಡುವವನಿಗೆ ಪಹಣಿಯಲ್ಲಿ ಹೆಸರಿಲ್ಲ. ಹಮಾಲಿಗೆ ತೆರಿಗೆಯ ಕಾಗದವಿಲ್ಲ. ಗುಮಾಸ್ತನಿಗೆ ಇಪ್ಪತ್ತಾರು ವರ್ಷದ ದುಡಿಮೆ ಇದೆ, ಉಳಿತಾಯವಿಲ್ಲ, ಏಕೆಂದರೆ ಉಳಿತಾಯವೆಲ್ಲ ಮಗಳ ಓದಿಗೆ ಹೋಯಿತು. ಊರಲ್ಲಿ ಇನ್ನೊಬ್ಬ ಮಗನಿದ್ದಾನೆ, ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಹಟ್ಟಿಯಲ್ಲಿ ಎಮ್ಮೆ ಇದೆ, ಶ್ರಾವಣದಲ್ಲಿ ಮನೆದೇವರ ಸೇವೆ ಇದೆ. ಇವು ನಂಟಲ್ಲವೇ? ಇವಕ್ಕೆ ರಸೀತಿ ಇಲ್ಲವಾದ್ದರಿಂದ ಅವು ಕಿಂಡಿಯಲ್ಲಿ ಸಲ್ಲುವುದಿಲ್ಲ. ದೇಶಪ್ರೇಮವನ್ನು ಪಾಸ್‌ಬುಕ್ಕಿನಲ್ಲಿ ಅಳೆಯುವ ಕೋಲು ಇದು.

ಅಕ್ಕಿ ಹೋಗುತ್ತದೆ

ನಾವು ಬೆಳೆಯುವ, ನೀವು ಗಿರಣಿಯಲ್ಲಿ ಮಿಲ್ಲು ಮಾಡುವ, ಚೀಲ ಹೊರುವ ಸೋನಾ ಜಾತಿಯ ಅಕ್ಕಿಗೆ ಈ ತೊಂದರೆ ಇಲ್ಲ. ಅಮೆರಿಕದ ಊರೂರಿನ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಯ ಚೀಲ ಸಿಗುತ್ತದೆ. ೨೦೨೩ರ ಜುಲೈ ೨೦ರಂದು ನಮ್ಮ ಸರಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿದಾಗ ಅಲ್ಲಿನ ಅಂಗಡಿಗಳ ಮುಂದೆ ಸರದಿ ನಿಂತು ಚೀಲ ಚೀಲ ಹೊತ್ತೊಯ್ದರು. ೨೦೨೪ರ ಸೆಪ್ಟೆಂಬರಿನಲ್ಲಿ ತಡೆ ತೆಗೆದರು, ಅಕ್ಕಿ ಮತ್ತೆ ಹಡಗು ಹತ್ತಿತು. ಆ ಅಕ್ಕಿಯನ್ನು "ನೀನು ವಾಪಸ್ ಹೋಗುತ್ತೀಯಾ?" ಎಂದು ಯಾರೂ ಕೇಳುವುದಿಲ್ಲ.

ದುಡ್ಡಿಗೂ ತಡೆಯಿಲ್ಲ. ಹೊರಗೆ ದುಡಿಯುವ ನಮ್ಮ ಮಕ್ಕಳು ೨೦೨೪ರಲ್ಲಿ ಊರಿಗೆ ಕಳಿಸಿದ ಹಣ ೧೨,೯೦೦ ಕೋಟಿ ಡಾಲರ್ ಎಂದು ವಿಶ್ವಬ್ಯಾಂಕು ಅಂದಾಜು ಮಾಡಿತು. ಲೋಕದಲ್ಲೇ ಹೆಚ್ಚಿನ ಮೊತ್ತ ಅದು. ದಿಲ್ಲಿಯ ಮಂತ್ರಿಗಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಹಣ ಕಳಿಸಿದವರ ತಾಯಿ ತಂದೆ ಸರದಿಯಲ್ಲಿ ನಿಂತಿರುವುದನ್ನು ಅಷ್ಟೇ ಗಟ್ಟಿಯಾಗಿ ಹೇಳಿದ ಮಂತ್ರಿಯನ್ನು ನಾವು ಕಾಣೆವು.

ಜನರ ಓಡಾಟವೂ ಒಂದು ದಿಕ್ಕಿನಿಂದ ಸಲೀಸು. ನಮ್ಮ ತಾಲೂಕಿನ ಆನೆಗೊಂದಿಗೂ ಹೊಳೆಯಾಚೆಯ ಹಂಪಿಗೂ ವರ್ಷವಿಡೀ ವಿದೇಶೀಯರು ಬರುತ್ತಾರೆ. ಬರಲಿ, ನಮಗೆ ಸಂತೋಷವೇ. ಅವರಿಂದ ಎಷ್ಟೋ ಸಣ್ಣ ಅಂಗಡಿಗಳು ಬದುಕಿವೆ. ಅವರಲ್ಲಿ ಹೆಚ್ಚಿನವರು ತಮ್ಮ ಮನೆಯಲ್ಲೇ ಕುಳಿತು ಇ-ವೀಸಾಕ್ಕೆ ಅರ್ಜಿ ಹಾಕಬಹುದು. ೨೦೧೯ರಲ್ಲಿ ನಮ್ಮ ಸರಕಾರ ಮೂವತ್ತು ದಿನದ ಪ್ರವಾಸಿ ಇ-ವೀಸಾಕ್ಕೆ ಕಟ್ಟಿದ ದರ ಏಪ್ರಿಲಿನಿಂದ ಜೂನ್ ವರೆಗೆ ೧೦ ಡಾಲರ್, ಉಳಿದ ತಿಂಗಳಲ್ಲಿ ೨೫ ಡಾಲರ್. ಅಲ್ಲಿಂದ ಇಲ್ಲಿಗೆ ಬರಲು ೨೫, ಇಲ್ಲಿಂದ ಅಲ್ಲಿಗೆ ಹೋಗಲು ೧೮೫. ಅಲ್ಲಿಯವರಿಗೆ ಕಿಂಡಿ ಇಲ್ಲ. ನಮ್ಮವರಿಗೆ, ೨೦೨೫ರ ಸೆಪ್ಟೆಂಬರ್ ೨ರಿಂದ, ಎಂಬತ್ತು ದಾಟಿದ ಮುದುಕಿಗೂ ಸಾಮಾನ್ಯವಾಗಿ ಕಿಂಡಿ ತಪ್ಪಿದ್ದಲ್ಲ. ಅಲ್ಲಿಯ ತನಕ ವಯಸ್ಸಿಗೆ ಕೊಡುತ್ತಿದ್ದ ಸಂದರ್ಶನದ ವಿನಾಯಿತಿಯನ್ನು ಅಮೆರಿಕ ಆ ದಿನ ತೆಗೆದುಹಾಕಿತು.

ಅಂಜನಾದ್ರಿ ಇರುವುದು ನಮ್ಮ ತಾಲೂಕಿನಲ್ಲೇ. ಆ ಬೆಟ್ಟದ ಹನುಮಂತ ಸಮುದ್ರ ಹಾರಿದಾಗ ಲಂಕೆಯ ಬಾಗಿಲಲ್ಲಿ ಲಂಕಿಣಿ ತಡೆದಳಂತೆ. ರಾಕ್ಷಸಿಯಾದರೂ ಅವಳು "ನೀನು ಯಾರು, ಯಾಕೆ ಬಂದೆ" ಎಂದು ಕೇಳಿದಳು. ಮೊದಲೇ ಅಚ್ಚು ಹಾಕಿಟ್ಟ ಕಾಗದವನ್ನು ಕೈಗೆ ಕೊಡಲಿಲ್ಲ.

ಹೆಸರು ಹೇಳದೆ ಹೊರಗಿಡುವ ವಿದ್ಯೆ

ಇದು ಇಂದು ನಿನ್ನೆಯ ವಿದ್ಯೆಯಲ್ಲ. ೧೯೦೮ರಲ್ಲಿ ಕೆನಡಾ ಒಂದು ನಿಯಮ ಮಾಡಿತು: ಸ್ವದೇಶದಿಂದ ಎಲ್ಲಿಯೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಆ ನಿಯಮದಲ್ಲಿ ಇಂಡಿಯಾದ ಹೆಸರಿಲ್ಲ. ಇಂಡಿಯಾದಿಂದ ಹಾಗೆ ನೇರವಾಗಿ ಬರುವ ದಾರಿಯೇ ಇರಲಿಲ್ಲ, ಅಷ್ಟೇ. ೧೯೧೪ರ ಮೇ ತಿಂಗಳಲ್ಲಿ ಕೋಮಗಾಟ ಮಾರು ಎಂಬ ಹಡಗು ೩೭೬ ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ಬಂದರು ಮುಟ್ಟಿತು. ಎರಡು ತಿಂಗಳು ದಡ ಕಾಣುತ್ತ ನೀರಿನಲ್ಲೇ ನಿಂತರು. ಇಳಿಯಗೊಟ್ಟದ್ದು ೨೪ ಮಂದಿಯನ್ನು. ಉಳಿದವರನ್ನು ಹಿಂದಕ್ಕೆ ಅಟ್ಟಿದರು. ಅದಕ್ಕೆ ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ೨೦೧೬ರ ಮೇ ೧೮ರಂದು, ನೂರೆರಡು ವರ್ಷದ ಮೇಲೆ.

ಇಂದಿನ ಕಾನೂನುಗಳೂ ಬಡವನ ಹೆಸರು ಹೇಳುವುದಿಲ್ಲ, ಬಡವ ದಾಟಲಾರದ ಹೊಸ್ತಿಲು ಕಟ್ಟುತ್ತವೆ. ಅದೇ ಕೆನಡಾ ೨೦೧೧ರ ಡಿಸೆಂಬರಿನಲ್ಲಿ ತಾಯಿ ತಂದೆ, ಅಜ್ಜ ಅಜ್ಜಿಯರಿಗಾಗಿ 'ಸೂಪರ್ ವೀಸಾ' ತಂದಿತು. ೨೦೨೨ರ ಜುಲೈಯಿಂದ ಒಂದು ಸಲಕ್ಕೆ ಐದು ವರ್ಷ ಇರಬಹುದು. ಒಳ್ಳೆಯದೇ. ಆದರೆ ಮಗನ ಆದಾಯ ಇಂತಿಷ್ಟು ಇರಬೇಕು, ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಇರಬೇಕು. ಸಂಬಳ ಕಡಿಮೆಯಾದ ಮಗನಿಗೆ ತಾಯಿಯೂ ಕಡಿಮೆಯೇ? ಕುವೈತ್ ೨೦೨೪ರ ಫೆಬ್ರವರಿಯಲ್ಲಿ ಕುಟುಂಬ ಭೇಟಿ ವೀಸಾವನ್ನು ಮತ್ತೆ ತೆರೆದಾಗ ತಾಯಿ ತಂದೆಯರನ್ನು ಕರೆಸುವವನ ಸಂಬಳ ತಿಂಗಳಿಗೆ ೪೦೦ ದಿನಾರಿಗೆ ಕಡಿಮೆ ಇರಕೂಡದೆಂದು ಷರತ್ತು ಹಾಕಿತು. ಗಲ್ಫಿನಲ್ಲಿ ಗಾರೆ ಕೆಲಸ ಮಾಡುವ ಹುಡುಗನಿಗೆ ಅಷ್ಟು ಸಂಬಳ ಎಲ್ಲಿಂದ ಬರಬೇಕು?

ಬ್ರಿಟನ್ನಿನ ಕಥೆ ಇನ್ನೂ ಪಾಠ ಹೇಳುವಂಥದು. ಬಂಧುಗಳನ್ನು ನೋಡಲು ಹೊರಟು ವೀಸಾ ಸಿಗದವರಿಗೆ ೨೦೦೦ದಲ್ಲಿ ಅಲ್ಲಿ ಮೇಲ್ಮನವಿಯ ಹಕ್ಕು ಬಂತು. ೨೦೧೩ರ ಜೂನ್ ೨೫ರಿಂದ ಆ ಹಕ್ಕನ್ನು ಕಿತ್ತುಕೊಂಡರು. ಅದೇ ವರ್ಷ ಇಂಡಿಯಾ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೈಜೀರಿಯಾ, ಘಾನಾ ದೇಶಗಳಿಂದ ಬರುವ ಕೆಲವರು ೩,೦೦೦ ಪೌಂಡ್ ಠೇವಣಿ ಇಡಬೇಕೆಂಬ ಯೋಜನೆ ಹೊರಟಿತು. ಆರೂ ದೇಶಗಳು ಒಂದು ಕಾಲಕ್ಕೆ ಅದೇ ಬ್ರಿಟನ್ನಿನ ಆಳ್ವಿಕೆಯಲ್ಲಿ ಇದ್ದವು ಎಂಬುದನ್ನು ಓದುಗರು ನೆನೆಯಬೇಕು. ನಮ್ಮಲ್ಲಿಗೆ ಬರುವಾಗ ಅವರು ಯಾವ ಠೇವಣಿ ಇಟ್ಟಿದ್ದರು? ಎಲ್ಲ ಕಡೆಯಿಂದ ಕೂಗು ಎದ್ದಾಗ ಆ ನವೆಂಬರಿನಲ್ಲೇ ಯೋಜನೆಯನ್ನು ಕೈಬಿಟ್ಟರು. ಕೂಗಿದರೆ ಕೇಳುತ್ತದೆ ಎಂಬುದು ಈ ಕಥೆಯ ಪಾಠ. ಆದರೆ ಕೆಟ್ಟ ಯೋಚನೆ ಸಾಯುವುದಿಲ್ಲ. ೨೦೨೫ರ ಆಗಸ್ಟಿನಲ್ಲಿ ಅಮೆರಿಕ ಮಲಾವಿ, ಜಾಂಬಿಯಾ ದೇಶಗಳಿಂದ ಆರಂಭಿಸಿ ೫,೦೦೦ದಿಂದ ೧೫,೦೦೦ ಡಾಲರ್ ತನಕ ಠೇವಣಿ ಕೇಳುವ ಪದ್ಧತಿಯನ್ನು ಪ್ರಯೋಗಕ್ಕೆ ತಂದಿತು. ಇಂದು ಆಫ್ರಿಕಾದ ಬಡವನ ಬಾಗಿಲಿಗೆ ಬಂದದ್ದು ನಾಳೆ ನಮ್ಮ ಬಾಗಿಲಿಗೆ ಬಾರದೆಂದು ಯಾರು ಹೇಳಬಲ್ಲರು?

ಎರಡು ಆಕ್ಷೇಪಣೆಗಳು

ಕೆಲವರು ಹೇಳುತ್ತಾರೆ: "ಅದು ಅವರ ಮನೆ. ಯಾರನ್ನು ಒಳಗೆ ಬಿಡಬೇಕೆಂಬುದು ಅವರ ಇಷ್ಟ. ಎಷ್ಟೋ ಜನ ಹೋಗಿ ಅಲ್ಲೇ ಉಳಿದುಬಿಡುತ್ತಾರಲ್ಲ?" ಉಳಿಯುವವರು ಇದ್ದಾರೆ, ನಾವು ಇಲ್ಲವೆನ್ನುವುದಿಲ್ಲ. ಪ್ರತಿ ದೇಶಕ್ಕೂ ತನ್ನ ಬಾಗಿಲು ಕಾಯುವ ಹಕ್ಕಿದೆ, ಅದನ್ನೂ ಒಪ್ಪುತ್ತೇವೆ. ಆದರೆ ಬಾಗಿಲು ಕಾಯುವುದು ಬೇರೆ, ಬಂದವರನ್ನೆಲ್ಲ ಕಳ್ಳರೆಂದು ಎಣಿಸುವುದು ಬೇರೆ. ತಪ್ಪಿದವನನ್ನು ಹಿಡಿಯಿರಿ, ಶಿಕ್ಷಿಸಿರಿ. ತಪ್ಪದವನಿಂದ ಶುಲ್ಕ ತೆಗೆದುಕೊಂಡ ಮೇಲೆ ಅವನ ಕಾಗದ ಓದಿರಿ, ಕಾರಣ ಹೇಳಿರಿ, ತಪ್ಪು ತೀರ್ಪನ್ನು ತಿದ್ದಲು ಒಂದು ದಾರಿ ಇಡಿರಿ. ನಾವು ಕೇಳುವುದು ಇಷ್ಟೇ.

ಇದು ಆಗದ ಮಾತೆಂದು ಯಾರೂ ಹೇಳುವಂತಿಲ್ಲ. ಯೂರೋಪಿನ ಷೆಂಗೆನ್ ದೇಶಗಳು ೨೦೦೯ರ ತಮ್ಮ ವೀಸಾ ಸಂಹಿತೆಯ ೩೨ನೆಯ ಕಲಮಿನಲ್ಲಿ ನಿರಾಕರಣೆಗೆ ಕಾರಣ ತಿಳಿಸಬೇಕೆಂದೂ ಮೇಲ್ಮನವಿಗೆ ಅವಕಾಶ ಕೊಡಬೇಕೆಂದೂ ಬರೆದಿವೆ. ಅಲ್ಲಿಯೂ ದೋಷಗಳಿವೆ, ೨೦೨೪ರ ಜೂನಿನಲ್ಲಿ ೯೦ ಯೂರೋಗೆ ಏರಿದ ಶುಲ್ಕ ಅಲ್ಲಿಯೂ ಹಿಂದಿರುಗುವುದಿಲ್ಲ. ಆದರೂ ಕಾರಣ ಹೇಳಿದ್ದರಿಂದ ಆ ದೇಶಗಳೇನೂ ಮುಳುಗಿಹೋಗಿಲ್ಲ.

ಅಮೆರಿಕದ ನ್ಯಾಯಾಲಯಗಳೋ ಈ ವಿಷಯಕ್ಕೆ ಹೆಚ್ಚುಕಡಿಮೆ ಬಾಗಿಲು ಮುಚ್ಚಿಕೊಂಡಿವೆ. ಬೆಲ್ಜಿಯಮ್ಮಿನ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಅರ್ನೆಸ್ಟ್ ಮ್ಯಾಂಡೆಲ್ ಅವರನ್ನು ಅಲ್ಲಿನ ವಿಶ್ವವಿದ್ಯಾಲಯಗಳು ಉಪನ್ಯಾಸಕ್ಕೆ ಕರೆದವು, ಸರಕಾರ ತಡೆಯಿತು. ೧೯೭೨ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸರಕಾರದ ಪಕ್ಷ ಹಿಡಿಯಿತು. ೨೦೨೪ರ ಜೂನ್ ೨೧ರಂದು, ಗಂಡನಿಗೆ ವೀಸಾ ಸಿಗದ ಅಮೆರಿಕನ್ ಪ್ರಜೆಯೊಬ್ಬಳ ಮೊಕದ್ದಮೆಯಲ್ಲಿ, ಗಂಡನನ್ನು ದೇಶದೊಳಗೆ ಬಿಡಬೇಕೆಂಬ ಮೂಲಭೂತ ಹಕ್ಕು ಹೆಂಡತಿಗಿಲ್ಲ ಎಂದು ತೀರ್ಪಿತ್ತಿತು. ನಮ್ಮ ಸುಪ್ರೀಂ ಕೋರ್ಟಿನ ತೀರ್ಪನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ೧೯೬೭ರಲ್ಲಿ ಅದು ವಿದೇಶಕ್ಕೆ ಹೋಗುವುದು ಮನುಷ್ಯನ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದಿತು. ೧೯೭೮ರ ಜನವರಿ ೨೫ರಂದು, ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಆ ಸ್ವಾತಂತ್ರ್ಯವನ್ನು ತಡೆಯುವ ಕ್ರಮ ನ್ಯಾಯವಾಗಿರಬೇಕು, ಬಾಧೆಗೊಂಡವರ ಮಾತನ್ನು ಕೇಳಬೇಕು ಎಂದಿತು. ಆ ತೀರ್ಪು ನಮ್ಮ ಸರಕಾರವನ್ನು ಕಟ್ಟಿಹಾಕುತ್ತದೆ, ಹೊರಗಿನ ಸರಕಾರವನ್ನಲ್ಲ, ನಿಜ. ಆದರೆ ನ್ಯಾಯ ಯಾವುದೆಂದು ತಿಳಿಯಲು ಅಷ್ಟು ಸಾಕು.

ಎರಡನೆಯ ಆಕ್ಷೇಪಣೆ ನಮ್ಮವರಿಂದಲೇ ಬರುತ್ತದೆ. ಗಿರಣಿಯ ಹಮಾಲಿ ಬಂಧುವೊಬ್ಬರು ಕೇಳಿದರು: "ಮಾಸ್ತರ್ರ, ಮಕ್ಕಳನ್ನ ಫಾರಿನ್‌ಗೆ ಕಳಿಸಿದವರ ಕಷ್ಟ ನಮಗ್ಯಾಕ್ರಿ? ನಮಗ ಕೂಲಿ ಹೆಚ್ಚಿಸೋ ಮಾತು ಬರೀರ್ರಿ." ಕೂಲಿಯ ಮಾತನ್ನು ನಾವು ಎಂದೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಬಂಧುಗಳೇ, ಹೊರಗೆ ಹೋದವರೆಲ್ಲ ಸಾಹುಕಾರರ ಮಕ್ಕಳಲ್ಲ. ನರ್ಸುಗಳಿದ್ದಾರೆ, ವೆಲ್ಡರುಗಳಿದ್ದಾರೆ, ಡ್ರೈವರುಗಳಿದ್ದಾರೆ, ಸಾಲ ಮಾಡಿ ಓದಿದವರಿದ್ದಾರೆ. ಸಾಹುಕಾರನ ತಂದೆಗೆ ವೀಸಾ ಸುಲಭ. ಆಸ್ತಿ ಇದೆ, ಹಿಂದೆ ಹತ್ತು ದೇಶ ನೋಡಿದ ಮೊಹರು ಇದೆ. ಕಿಂಡಿಯಲ್ಲಿ ಎಡವುವವನು ನಿಮ್ಮಂಥವನ ತಂದೆಯೇ.

ಇನ್ನೊಂದು ಮಾತು. ಆ ಕಿಂಡಿಯ ಹಿಂದಿರುವ ನ್ಯಾಯ ನಿಮಗೆ ಹೊಸದೇನಲ್ಲ. ಸಣ್ಣ ವ್ಯಾಪಾರಿ ಸಾಲಕ್ಕೆ ಹೋದರೆ ಬ್ಯಾಂಕು ಮೊದಲು ಅವನನ್ನು ಮರಳಿ ಕೊಡದವನೆಂದೇ ಎಣಿಸುತ್ತದೆ. ರೇಶನ್ ಕಾರ್ಡಿಗೆ ಹೋದ ಹಮಾಲಿ ತಾನು ಬಡವನೆಂದು ರುಜುವಾತು ಮಾಡಬೇಕು. ಇಲ್ಲಿ ಬಡತನಕ್ಕೆ ಪುರಾವೆ ಕೇಳುತ್ತಾರೆ, ಅಲ್ಲಿ ಸಿರಿತನಕ್ಕೆ. ಎರಡು ಕಡೆಯೂ ಬಡವ ಮೊದಲು ಸುಳ್ಳುಗಾರ, ಆಮೇಲೆ ಮನುಷ್ಯ. ಇದರ ವಿರುದ್ಧ ಒಂದು ಕಿಂಡಿಯಲ್ಲಿ ಹೋರಾಡುವವನು ಎಲ್ಲ ಕಿಂಡಿಗಳಲ್ಲೂ ಹೋರಾಡಿದಂತೆ.

ನಮ್ಮ ಮನೆಯ ಕಸ

ಪರರನ್ನು ಬೈದು ಕೈ ತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ನಮ್ಮ ಸರಕಾರವೂ ತನ್ನ ಬಡ ಪ್ರಜೆಯನ್ನು ಬೇರೆಯಾಗಿ ಕಾಣುವ ಚಪಲದಿಂದ ಪಾರಾಗಿಲ್ಲ. ೨೦೧೮ರ ಜನವರಿಯಲ್ಲಿ, ಹತ್ತನೆಯ ತರಗತಿ ಮುಗಿಸದೆ ದುಡಿಯಲು ಹೊರಡುವವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟು ಕೊಡುತ್ತೇವೆಂದು ಅದು ಹೊರಟಿತ್ತು. ಓದು ಬಾರದವನ ಹಣೆಗೆ ಬಣ್ಣ ಬಳಿಯುವ ಆ ಯೋಚನೆಯನ್ನು ಜನ ಖಂಡಿಸಿದ ಮೇಲೆ ಅದೇ ತಿಂಗಳ ೩೦ರಂದು ಹಿಂದಕ್ಕೆ ತೆಗೆದುಕೊಂಡಿತು.

ಇನ್ನು ಆಪತ್ತಿನ ಸಂಗತಿ. ೨೦೨೫ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಒಬ್ಬ ವಿದ್ಯಾರ್ಥಿನಿ ಕ್ಯಾಲಿಫೋರ್ನಿಯಾದಲ್ಲಿ ಅಪಘಾತಕ್ಕೆ ಸಿಕ್ಕಿ ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದಳು. ತಂದೆ ಸುಮಾರು ಎರಡು ವಾರ ವೀಸಾದ ಸರದಿಗಾಗಿ ಅಲೆದರು. ಸಂಸದೆ ಸುಪ್ರಿಯಾ ಸುಳೆ ಅವರು ಬಹಿರಂಗವಾಗಿ ಕೇಳಿದ ಮೇಲೆ, ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ, ವಿದೇಶಾಂಗ ಇಲಾಖೆ ಮಾತಾಡಿತು. ಒಂದೆರಡು ದಿನದಲ್ಲಿ ವೀಸಾ ಸಿಕ್ಕಿತು. ಸಿಕ್ಕಿದ್ದು ಸಂತೋಷ. ಆದರೆ ಎರಡು ದಿನದಲ್ಲಿ ಆಗುವ ಕೆಲಸ ಎರಡು ವಾರ ಏಕೆ ಆಗಲಿಲ್ಲ? ಪತ್ರಿಕೆಯವರು ಬಾರದ ಮನೆಯ ತಂದೆ ಯಾರನ್ನು ಹಿಡಿಯಬೇಕು? ಹಕ್ಕು ಇಲ್ಲದ ಕಡೆ ವಶೀಲಿ ಬೇಕಾಗುತ್ತದೆ. ವಶೀಲಿ ಬಡವನ ಬಳಿ ಇರುವುದಿಲ್ಲ.

೨೦೨೫ರ ಜನವರಿ ೧೭ರಂದು ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸವನ್ನು ಬಹಳ ಸಂಭ್ರಮದಿಂದ ಉದ್ಘಾಟಿಸಿದರು. ಫೋಟೋಗಳು ಬಂದವು. ಆದರೆ ವೀಸಾದ ಕೆಲಸ ಅಂದೇ ಅಲ್ಲಿ ಆರಂಭವಾಗಲಿಲ್ಲ. ವರ್ಷಗಟ್ಟಲೆಯಿಂದ ಕರ್ನಾಟಕದ ಮುದುಕರು ಇದೊಂದು ಕೆಲಸಕ್ಕೆ ಚೆನ್ನೈಗೆ, ಹೈದರಾಬಾದಿಗೆ ಅಲೆದಿದ್ದಾರೆ. ೨೦೨೨ರ ಕೊನೆಗೆ ಇಂಡಿಯಾದ ಕೆಲವು ಅಮೆರಿಕನ್ ಕಛೇರಿಗಳಲ್ಲಿ ಮೊದಲ ಸಲದವರಿಗೆ ಸಂದರ್ಶನದ ಸರದಿ ಎರಡು ವರ್ಷಕ್ಕೂ ಮೀರಿತ್ತು. ಎಪ್ಪತ್ತು ದಾಟಿದವರಿಗೆ ಎರಡು ವರ್ಷವೆಂದರೆ ಎಷ್ಟೆಂದು ಲೆಕ್ಕ ಹಾಕಿದವರುಂಟೇ?

ಈ ಕತ್ತಲೆಯಲ್ಲಿ ಬೆಳೆಯುವವರು ದಲಾಲರು. "ಬ್ಯಾಂಕಿನಲ್ಲಿ ದುಡ್ಡು ತೋರಿಸುತ್ತೇವೆ, ಆಸ್ತಿ ಕಾಗದ ಮಾಡಿಕೊಡುತ್ತೇವೆ" ಎನ್ನುವವರನ್ನು ನಂಬಬೇಡಿರಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಅಮೆರಿಕದ ಕಾನೂನಿನಲ್ಲಿ ಜೀವಮಾನದ ನಿಷೇಧವೇ ಬರಬಹುದು. ಮೂರು ನಿಮಿಷದ ನಿರಾಕರಣೆ ಮೂವತ್ತು ವರ್ಷದ ಶಿಕ್ಷೆಯಾಗುತ್ತದೆ. ಹಿಂದೆ ನಿರಾಕರಣೆ ಆಗಿದ್ದರೆ ಅದನ್ನೂ ಮುಚ್ಚಿಡಬೇಡಿರಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಇನ್ನು ಕೆಲವರು ಹೈದರಾಬಾದಿನ ಹತ್ತಿರದ ಚಿಲುಕೂರಿಗೆ ಹೋಗುತ್ತಾರೆ. ಅಲ್ಲಿನ ದೇವರಿಗೆ 'ವೀಸಾ ಬಾಲಾಜಿ' ಎಂದೇ ಹೆಸರು ಬಿದ್ದಿದೆ. ಬೇಡುವಾಗ ಹನ್ನೊಂದು ಸುತ್ತು, ಈಡೇರಿದ ಮೇಲೆ ನೂರೆಂಟು. ಯಾರ ಭಕ್ತಿಯನ್ನೂ ನಾವು ಹಳಿಯುವುದಿಲ್ಲ. ಆ ಗುಡಿಯಲ್ಲಿ ಹುಂಡಿಯೇ ಇಲ್ಲವೆಂಬುದನ್ನು ಮಾತ್ರ ನೆನಪಿಸುತ್ತೇವೆ. ಕಾಣಿಕೆ ಕೇಳದ ದೇವರು ಒಂದು ಕಡೆ, ಕಾಣಿಕೆ ಹಿಂದಿರುಗಿಸದ ಕಛೇರಿ ಇನ್ನೊಂದು ಕಡೆ. ಆ ನೂರೆಂಟು ಸುತ್ತಿನಲ್ಲಿ ಒಂದು ಸುತ್ತನ್ನು ಸಂಸದರ ಮನೆಯ ಸುತ್ತಲೂ ಹಾಕಿದರೆ ಒಳ್ಳೆಯದೆಂದು ನಮ್ಮ ಸಲಹೆ.

ನಮ್ಮ ಬೇಡಿಕೆ

೧. ತಾಯಿ ತಂದೆಯರ ಭೇಟಿ ವೀಸಾ ನಿರಾಕರಿಸಿದರೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ, ಅರ್ಜಿದಾರರ ಭಾಷೆಯಲ್ಲಿ ಕೊಡಬೇಕೆಂದು ಭಾರತ ಸರಕಾರ ಆಯಾ ದೇಶಗಳೊಡನೆ ಮಾತುಕತೆ ನಡೆಸಬೇಕು. ಅಮೆರಿಕದ ಡಿಎಸ್-೧೬೦ ಅರ್ಜಿಯನ್ನು ಇಂಗ್ಲಿಷಿನಲ್ಲೇ ತುಂಬಬೇಕು. ಕನ್ನಡ ಮಾತ್ರ ಬಲ್ಲ ತಾಯಿ ತನ್ನ ಅರ್ಜಿಯಲ್ಲಿ ಏನು ಬರೆದಿದೆಯೆಂದು ತಿಳಿಯದೆಯೇ ಅದಕ್ಕೆ ಉತ್ತರ ಕೊಡಬೇಕಾಗಿದೆ.

೨. ನಿರಾಕರಿಸಿದ ಅರ್ಜಿಯ ಶುಲ್ಕದಲ್ಲಿ ದೊಡ್ಡ ಪಾಲು ಹಿಂದಿರುಗಬೇಕು.

೩. ಬೇರೊಬ್ಬ ಅಧಿಕಾರಿಯಿಂದ ಮರುವಿಚಾರಣೆಗೆ ದಾರಿ ಇರಬೇಕು. ಯೂರೋಪಿನವರು ಮಾಡಿದ್ದನ್ನು ಉಳಿದವರೂ ಮಾಡಲಿ.

೪. ಹೆರಿಗೆ, ಕಾಯಿಲೆ, ಸಾವು ಈ ಮೂರಕ್ಕೆ ವಶೀಲಿ ಇಲ್ಲದೆ ತೆರೆಯುವ ಬಾಗಿಲು ಇರಬೇಕು. ವಿದೇಶಾಂಗ ಇಲಾಖೆ ಇದಕ್ಕಾಗಿ ಪ್ರತಿ ಜಿಲ್ಲೆಗೂ ತಿಳಿದಿರುವ ಒಂದು ಅಧಿಕಾರಿಯನ್ನು ನೇಮಿಸಬೇಕು.

೫. ಆಸ್ತಿ ಇಲ್ಲದವರಿಗೆ ಗ್ರಾಮ ಪಂಚಾಯಿತಿಯ, ನಗರಸಭೆಯ ದೃಢೀಕರಣವನ್ನು ಊರಿನ ನಂಟಿನ ಪುರಾವೆಯಾಗಿ ಒಪ್ಪಬೇಕು.

ಈ ಬೇಡಿಕೆಗಳಲ್ಲಿ ಯಾವುದೂ ಕ್ರಾಂತಿಯಲ್ಲ. ದುಡ್ಡು ತೆಗೆದುಕೊಂಡವರು ಕಾರಣ ಹೇಳಲಿ ಎಂಬುದು ಸಂತೆಯ ನ್ಯಾಯ. ಅದನ್ನೂ ಕೊಡಲಾರದವರು ಲೋಕಕ್ಕೆ ಪ್ರಜಾಪ್ರಭುತ್ವ ಬೋಧಿಸುವುದನ್ನು ನಿಲ್ಲಿಸಲಿ.

ಇಂಥ ಕಾಗದ ಕೈಗೆ ಬಂದವರು ನಾಚಿಕೆಯಿಂದ ಅದನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಡುತ್ತಾರೆ, ತಮ್ಮಲ್ಲೇ ಏನೋ ಕುಂದಿದೆ ಎಂಬಂತೆ. ನಾಚಬೇಕಾದವರು ನೀವಲ್ಲ. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಅಂಥವರು ಯಾರೇ ಇರಲಿ, ಆ ಕಾಗದವನ್ನು ಪಕ್ಷದ ಕಛೇರಿಗೆ ತನ್ನಿರಿ. ಒಂದೊಂದಾಗಿದ್ದರೆ ಅದು ಹಣೆಬರಹ. ನೂರು ಒಟ್ಟು ಸೇರಿದರೆ ಅದು ಅಹವಾಲು. ಅದನ್ನು ಹಿಡಿದು ನಾವು ಕೊಪ್ಪಳದ ಸಂಸದರಲ್ಲಿಗೆ ಹೋಗುತ್ತೇವೆ, ಸಂಸತ್ತಿನಲ್ಲಿ ಪ್ರಶ್ನೆ ಎತ್ತಿ ಎಂದು ಕೇಳುತ್ತೇವೆ. ಎತ್ತದಿದ್ದರೆ ಏಕೆ ಎತ್ತಲಿಲ್ಲವೆಂದು ಇದೇ ಪತ್ರಿಕೆಯಲ್ಲಿ ಬರೆಯುತ್ತೇವೆ.

ಗುಮಾಸ್ತರ ಮಗಳಿಗೆ ಈ ವಾರ ಹೆರಿಗೆಯಾಯಿತು. ಗಂಡು ಮಗು. ಅಜ್ಜಿ ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟು ಅದರ ಕೆನ್ನೆ ಸವರಿದರಂತೆ. ಗುಮಾಸ್ತರು ಮತ್ತೊಂದು ಅರ್ಜಿಗೆ ದುಡ್ಡು ಕೂಡಿಸುತ್ತಿದ್ದಾರೆ. ಅದರ ಸರದಿ ಬಂದು, ಕಿಂಡಿ ತೆರೆದು, ಒಂದು ವೇಳೆ ವೀಸಾ ಸಿಕ್ಕರೂ, ಹೊಲಿದಿಟ್ಟ ಕುಲಾವಿ ಅಷ್ಟರಲ್ಲಿ ಆ ಮಗುವಿನ ತಲೆಗೆ ಹಿಡಿಸುವುದಿಲ್ಲ. ಮುಂದಿನ ತಾಯಿ ಹೊಲಿದ ಕುಲಾವಿಯಾದರೂ ಹೊತ್ತಿಗೆ ಸರಿಯಾಗಿ ಮಗುವಿನ ತಲೆ ಸೇರಬೇಕು. ಅದಕ್ಕಾಗಿ ಈ ಹೋರಾಟ.